ಕಣ್ಣಿನ ನಂಬರು ಎಲ್ಲಿದೆ, ಅದನ್ನು ಎಲ್ಲಿ ತಿದ್ದುತ್ತಾರೆ

ವಿಜಯಪುರದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಕಣ್ಣು ತೋರಿಸಿಕೊಂಡು ಹೊರಬಂದವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಬಲಗಣ್ಣಿಗೊಂದು ಸಾಲು, ಎಡಗಣ್ಣಿಗೊಂದು ಸಾಲು, ಸಾಲಿನಲ್ಲಿ -2.00, -0.75, 180 ಎಂಬಂಥ ಅಂಕಿಗಳು. ವಯಸ್ಸು ನಲವತ್ತು ದಾಟಿದ್ದರೆ ಕೆಳಗೆ +1.50 ಎಂದು ಮತ್ತೊಂದು. ಚೀಟಿ ಅಲ್ಲಿಂದ ಕನ್ನಡಕದ ಅಂಗಡಿಗೆ ಹೋಗುತ್ತದೆ, ಆಮೇಲೆ ಕಪಾಟು ಸೇರುತ್ತದೆ. ಅದರಲ್ಲಿ ಏನಿದೆ ಎಂದು ಕೂರಿಸಿ ಹೇಳುವಷ್ಟು ಬಿಡುವು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಆದರೆ ಆ ನಾಲ್ಕು ಅಂಕಿಗಳು ಅರ್ಥವಾದವರಿಗೆ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಲೇಸರ್, ಪೊರೆಯ ಶಸ್ತ್ರಚಿಕಿತ್ಸೆ ಎಲ್ಲವೂ ಮಾಡುವುದು ಒಂದೇ ಕೆಲಸ ಎಂಬುದು ತಿಳಿಯುತ್ತದೆ. ಬೆಳಕು ಬಾಗುವ ರೀತಿಯನ್ನು ತಿದ್ದುವುದೇ ಆ ಕೆಲಸ. ಎಲ್ಲಿ ತಿದ್ದುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಹೊರಗಿನ ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಮೊದಲು ಬಾಗುತ್ತದೆ. ಆಮೇಲೆ ಪಾಪೆಯ ಹಿಂದಿರುವ ಮಸೂರದಲ್ಲಿ ಇನ್ನಷ್ಟು ಬಾಗಿ, ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಮೇಲೆ ಒಂದೆಡೆ ಕೂಡುತ್ತದೆ. ಬಾಗಿಸುವ ಶಕ್ತಿಯನ್ನು ಅಳೆಯುವ ಮಾನ ಡಯಾಪ್ಟರ್. ನಾವು ನಂಬರು ಎನ್ನುವುದು ಇದನ್ನೇ. ಇಡೀ ಕಣ್ಣಿನ ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೇ ಎರಡು ಭಾಗ ಕಾರ್ನಿಯಾದ್ದು. ಬೆಳೆದವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಈ ಉದ್ದಕ್ಕೂ ಆ ಶಕ್ತಿಗೂ ಹೊಂದಾಣಿಕೆ ಇದ್ದರೆ ನಂಬರು ಇರುವುದಿಲ್ಲ. ಗುಡ್ಡೆ ಒಂದೇ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೂ ಎರಡೂವರೆಯಿಂದ ಮೂರರವರೆಗೆ ಮೈನಸ್ ನಂಬರು ಬಂದುಬಿಡುತ್ತದೆ.

ಹಾಗಾಗಿ ನಂಬರು ಎಂಬುದು ಬಹುತೇಕ ಮಂದಿಯಲ್ಲಿ ಒಂದು ಅಳತೆಯ ಹೊಂದಿಕೆಯ ಪ್ರಶ್ನೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆ ಮಗುವಿಗೆ ಕನ್ನಡಕ ಬಂದರೆ ಕಣ್ಣು ‘ವೀಕ್’ ಆಗಿದೆ ಎಂದು ಮನೆಯವರು ಅಳುಕುತ್ತಾರೆ, ಹೆಣ್ಣುಮಗುವಾದರೆ ಹತ್ತು ವರ್ಷ ಮುಂಚೆಯೇ ವರನ ಕಡೆಯವರ ಮಾತು ಎತ್ತುತ್ತಾರೆ. ಕ್ಯಾರೆಟ್ ರಸ ಕುಡಿಸುತ್ತಾರೆ, ಕಣ್ಣಿನ ವ್ಯಾಯಾಮ ಮಾಡಿಸುತ್ತಾರೆ. ಉದ್ದವಾದ ಗುಡ್ಡೆಯನ್ನು ಯಾವ ರಸವೂ ಗಿಡ್ಡ ಮಾಡಲಾರದು. ಕನ್ನಡಕ ಹಾಕಿದ್ದರಿಂದಲೇ ನಂಬರು ಏರಿತು ಎಂಬ ಮಾತೂ ತಪ್ಪು. ಮಗು ಬೆಳೆಯುವಾಗ ಗುಡ್ಡೆಯೂ ಬೆಳೆಯುತ್ತದೆ, ಕನ್ನಡಕ ಇರಲಿ ಬಿಡಲಿ. ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಏರಿಕೆ ನಿಲ್ಲುವುದಿಲ್ಲ.

ಚೀಟಿಗೆ ಮರಳೋಣ. ಮೊದಲ ಅಂಕಿ -2.00. ಒಂದನ್ನು ಆ ಅಂಕಿಯಿಂದ ಭಾಗಿಸಿದರೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಅತಿ ದೂರದ ಜಾಗ ಮೀಟರಿನಲ್ಲಿ ಸಿಗುತ್ತದೆ: ಅರ್ಧ ಮೀಟರ್. -4.00 ಇದ್ದವರಿಗೆ ಕಾಲು ಮೀಟರ್. ಅದರಾಚೆ ಎಲ್ಲವೂ ಮಸುಕು. ಇಂಥ ವಿದ್ಯಾರ್ಥಿ ವಿಜಯಪುರದ ರಸ್ತೆಯಲ್ಲಿ ನಿಂತರೆ ಗೋಳಗುಮ್ಮಟದ ಗಾತ್ರ ಕಾಣುತ್ತದೆ, ಗುಮ್ಮಟದ ಬುಡದಲ್ಲಿ ಸುತ್ತಲೂ ಕಟೆದ ಕಮಲದ ಎಸಳುಗಳು ಕಾಣುವುದಿಲ್ಲ. ಬೆಳಕು ರೆಟಿನಾಕ್ಕಿಂತ ಮುಂದೆಯೇ ಕೂಡುವುದರಿಂದ ಹೀಗಾಗುತ್ತದೆ, ಇದು ಸಮೀಪದೃಷ್ಟಿ. ಅಂಕಿಯ ಹಿಂದೆ ಪ್ಲಸ್ ಇದ್ದರೆ ಗುಡ್ಡೆ ಗಿಡ್ಡ ಅಥವಾ ಬಾಗುವಿಕೆ ಸಾಲದು, ಬೆಳಕು ರೆಟಿನಾದ ಆಚೆ ಕೂಡಲು ಹೋಗುತ್ತದೆ, ಅದು ದೂರದೃಷ್ಟಿ. ಎರಡನೆಯ ಅಂಕಿ -0.75 ಮತ್ತು ಮೂರನೆಯ ಅಂಕಿ 180 ಒಟ್ಟಿಗೆ ಓದಬೇಕಾದವು. ಕಾರ್ನಿಯಾ ಎಲ್ಲ ದಿಕ್ಕಿನಲ್ಲೂ ಸಮನಾಗಿ ಬಾಗಿರದಿದ್ದರೆ ಒಂದು ದಿಕ್ಕಿನ ಗೆರೆ ಸ್ಪಷ್ಟ, ಇನ್ನೊಂದು ದಿಕ್ಕಿನ ಗೆರೆ ಮಬ್ಬು. ಇದೇ ಅಸ್ಟಿಗ್ಮ್ಯಾಟಿಸಂ, ಅಂಗಡಿಯವರ ಮಾತಿನಲ್ಲಿ ‘ಸಿಲಿಂಡರ್ ನಂಬರು’. 180 ಎಂಬುದು ಆ ತಿದ್ದುಪಡಿಯನ್ನು ಯಾವ ಕೋನದಲ್ಲಿ ಕೂರಿಸಬೇಕು ಎಂಬ ಸೂಚನೆ. ಚೌಕಟ್ಟು ಸೊಟ್ಟಗಾದ ಕನ್ನಡಕದಲ್ಲಿ ಸಿಲಿಂಡರ್ ಇದ್ದವರಿಗೆ ತಲೆನೋವು ಬರುವುದು ಈ ಕೋನ ತಪ್ಪುವುದರಿಂದ. ಎರಡು ಸ್ಕ್ರೂ ಬಿಗಿ ಮಾಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಕೆಳಗಿನ +1.50ರ ಕಥೆ ಬೇರೆ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಮಸೂರ ಉಬ್ಬಿ ಹೆಚ್ಚು ಶಕ್ತಿ ಕೊಡಬೇಕು. ಹೈಸ್ಕೂಲಿನ ಹುಡುಗನ ಮಸೂರ ಹೀಗೆ 12 ಡಯಾಪ್ಟರ್‌ವರೆಗೂ ಶಕ್ತಿ ಸೇರಿಸಬಲ್ಲದು. ಅರವತ್ತರ ಅಜ್ಜನದ್ದು ಒಂದನ್ನು ಸೇರಿಸಿದರೆ ಹೆಚ್ಚು. ಕೊಲ್ಹಾರದ ಉಳ್ಳಾಗಡ್ಡಿಯ ಹಾಗೆ ಮಸೂರ ಜೀವನಪೂರ್ತಿ ಪದರದ ಮೇಲೆ ಪದರ ಬೆಳೆಸಿಕೊಳ್ಳುತ್ತದೆ, ಒಳಗಿನ ಹಳೆಯ ಪದರಗಳು ಒತ್ತಿಕೊಂಡು ಬಿರುಸಾಗುತ್ತವೆ. ನಲವತ್ತರ ಆಸುಪಾಸಿನಲ್ಲಿ ಪತ್ರಿಕೆಯನ್ನು ಕೈಚಾಚಿ ಹಿಡಿಯುವುದು ಶುರುವಾಗುತ್ತದೆ. ನಮ್ಮ ಹಿರಿಯರು ‘ಚಾಳೀಸು ಬಂತು’ ಎನ್ನುತ್ತಿದ್ದುದು ಇದಕ್ಕೇ. ಇದು ರಾಜನಿಗೂ ಬರುತ್ತದೆ, ಕೂಲಿಯವನಿಗೂ ಬರುತ್ತದೆ, ಎಂದೂ ಕನ್ನಡಕ ಹಾಕದವನಿಗೂ ಬರುತ್ತದೆ.

ಈ ಚಾಳೀಸಿನ ಕನ್ನಡಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬಾಗಲಕೋಟೆ ಜಿಲ್ಲೆ ಕೈಮಗ್ಗದ ಜಿಲ್ಲೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಗುಳೇದಗುಡ್ಡದ ಖಣದಲ್ಲಿ ಒಂದು ಎಳೆ ತಪ್ಪಿದರೆ ಇಡೀ ಬುಟ್ಟಾ ಕೆಡುತ್ತದೆ. ಕೈಗೆ ನಿಜವಾದ ಪಳಗಿಕೆ ಬರುವ ನಲವತ್ತು–ಐವತ್ತರ ವಯಸ್ಸಿನಲ್ಲೇ ಕಣ್ಣು ಎಳೆಯನ್ನು ಹಿಡಿಯಲಾರದೆ ಹೋಗುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚಾಗಿತ್ತು. ಚಹಾ ಎಲೆ ಕೀಳುವವರಿಗೇ ಇಷ್ಟು ಲಾಭವಾದರೆ, ಎಳೆ ಎಣಿಸುವ ನೇಕಾರರಿಗೆ ಎಷ್ಟಾಗಬೇಡ? ಒಂದು ಮಾತು ನೆನಪಿಡಬೇಕು. ಸಾಮಾನ್ಯ ಓದುವ ಕನ್ನಡಕವನ್ನು ಸುಮಾರು 40 ಸೆಂಟಿಮೀಟರ್ ದೂರಕ್ಕೆ ಲೆಕ್ಕ ಹಾಕಿರುತ್ತಾರೆ. ಮಗ್ಗದ ಮುಂದೆ ಕುಳಿತವರಿಗೂ ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೂ ಕೆಲಸದ ದೂರ ಬೇರೆ. ಆ ದೂರವನ್ನು ಮನೆಯಲ್ಲಿ ಅಳೆದುಕೊಂಡು ಹೋಗಿ ವೈದ್ಯರಿಗೆ ಹೇಳಿದರೆ ಕನ್ನಡಕ ಕೆಲಸಕ್ಕೆ ತಕ್ಕಂತೆ ಬರುತ್ತದೆ.

ಜಾತ್ರೆಯಲ್ಲಿ, ಬಸ್ ನಿಲ್ದಾಣದ ಎದುರು ಸಿಗುವ ತಯಾರಿ ಕನ್ನಡಕ ಕೆಟ್ಟದ್ದೇ ಎಂದು ಕೇಳುವವರಿದ್ದಾರೆ. ಎರಡೂ ಕಣ್ಣು ಸಮನಾಗಿದ್ದು, ಸಿಲಿಂಡರ್ ನಂಬರು ಇಲ್ಲದಿದ್ದರೆ ಓದಲು ಅದು ಸಾಕಾಗುತ್ತದೆ, ಕಣ್ಣಿಗೆ ಹಾನಿ ಮಾಡುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಅಲ್ಲಿ ಕೊಂಡವರು ಕಣ್ಣಿನ ಪರೀಕ್ಷೆಗೆ ಹೋಗುವುದಿಲ್ಲ, ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಅಥವಾ ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿ ಸದ್ದಿಲ್ಲದೆ ಬೆಳೆಯುತ್ತದೆ. ಸಕ್ಕರೆ ಏರಿಳಿಯುತ್ತಿರುವಾಗ ನಂಬರೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಕನ್ನಡಕದ ಅಳತೆ ಮಾಡಿಸುವುದು ಒಳ್ಳೆಯದು.

ಗಾಜಿನ ಲೆನ್ಸುಗಳ ಜಾಗಕ್ಕೆ ಬಹುಪಾಲು ಪ್ಲಾಸ್ಟಿಕ್ ಬಂದಿದೆ. ‘ತೆಳು ಲೆನ್ಸ್’ ಎಂದು ಹೆಚ್ಚು ದುಡ್ಡಿಗೆ ಮಾರುವುದರ ಹಿಂದೆ ವಕ್ರೀಭವನ ಸೂಚ್ಯಂಕ ಎಂಬ ಅಂಕಿ ಇದೆ. ಸಾಮಾನ್ಯ ಪ್ಲಾಸ್ಟಿಕ್ಕಿನದು 1.50, ದುಬಾರಿಯದು 1.67 ಅಥವಾ 1.74. ಸೂಚ್ಯಂಕ ಹೆಚ್ಚಿದ್ದಷ್ಟೂ ಅದೇ ನಂಬರಿಗೆ ಕಡಿಮೆ ದಪ್ಪ ಸಾಕು. ಆರು, ಎಂಟು ನಂಬರಿನವರಿಗೆ ಇದು ಯೋಗ್ಯ ಖರ್ಚು, ಎರಡರವರಿಗೆ ಅನಗತ್ಯ. ಇವೆರಡರ ನಡುವೆ 1.59ರ ಪಾಲಿಕಾರ್ಬೊನೇಟ್ ಇದೆ. ಪೆಟ್ಟಿಗೆ ಸುಲಭವಾಗಿ ಒಡೆಯದ ಗುಣ ಅದರದ್ದು. ಮಕ್ಕಳಿಗೂ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರಿಗೂ ನಾನು ಹೇಳುವುದು ಇದನ್ನೇ. ಬೆಳಗಾವಿ, ಬಾಗಲಕೋಟೆಯ ಕಟಾವಿನ ದಿನಗಳಲ್ಲಿ ಕಬ್ಬಿನ ಗರಿಯ ಅಂಚು ಕಣ್ಣಿಗೆ ಗೀರಿದರೆ ಶಿಲೀಂಧ್ರದ ಹುಣ್ಣಾಗಬಹುದು, ಕಾರ್ನಿಯಾ ಶಾಶ್ವತವಾಗಿ ಬೆಳ್ಳಗಾಗಬಹುದು. ಅಂಥ ಗೀರಿಗೆ ಎದೆಹಾಲು, ಎಲೆಯ ರಸ ಹಾಕದೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಕಾಂಟ್ಯಾಕ್ಟ್ ಲೆನ್ಸ್ ಅದೇ ತಿದ್ದುಪಡಿಯನ್ನು ಕಾರ್ನಿಯಾದ ಮೇಲಿನ ಕಣ್ಣೀರಿನ ಪದರಕ್ಕೆ ತಂದು ಕೂರಿಸುತ್ತದೆ. ಮೃದು ಲೆನ್ಸನ್ನು ಸಾಧ್ಯವಾಗಿಸಿದವನು ಚೆಕ್ ರಸಾಯನ ವಿಜ್ಞಾನಿ ಒಟ್ಟೊ ವಿಕ್ಟರ್ಲೆ. 1961ರಲ್ಲಿ ಮಕ್ಕಳ ಜೋಡಣೆಯ ಆಟಿಕೆಯ ಬಿಡಿಭಾಗಗಳಿಂದಲೇ ಯಂತ್ರ ಕಟ್ಟಿ ಮನೆಯಲ್ಲಿ ಲೆನ್ಸ್ ತಯಾರಿಸಿದ. ಕಾರ್ನಿಯಾ ಕೂರ್ಮೊನೆಯಾಗುತ್ತ ಹೋಗುವ ಕೆರಟೋಕೋನಸ್ ಕಾಯಿಲೆಯವರಿಗೆ ಗಟ್ಟಿ ಲೆನ್ಸ್ ಕನ್ನಡಕಕ್ಕಿಂತ ಬಹಳ ಒಳ್ಳೆಯ ನೋಟ ಕೊಡುತ್ತದೆ. ಆದರೆ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ: ಲೆನ್ಸಿಗೆ ನೀರು ತಾಗಿಸಬಾರದು. ನಲ್ಲಿ, ಬೋರ್‌ವೆಲ್, ಟಾಕಿಯ ನೀರು ಯಾವುದರಲ್ಲೂ ಅಕಾಂತಮೀಬಾ ಎಂಬ ಜೀವಿ ಇರಬಹುದು. ಅದು ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಲೆನ್ಸ್ ಹಾಕಿಕೊಂಡು ಮಲಗುವುದೂ ಸಲ್ಲದು.

ಲೇಸರ್ ಏನು ಮಾಡುತ್ತದೆ

ಲೇಸರ್ ಚಿಕಿತ್ಸೆಯ ಬೇರಿನಲ್ಲಿ ಮದ್ರಾಸಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಪ್ರಯೋಗಾಲಯ ಸೇರಿದ ರಂಗಸ್ವಾಮಿ ಶ್ರೀನಿವಾಸನ್ ಇದ್ದಾರೆ. 193 ನ್ಯಾನೊಮೀಟರ್ ತರಂಗಾಂತರದ ಎಕ್ಸೈಮರ್ ಲೇಸರಿನಿಂದ ಪ್ಲಾಸ್ಟಿಕ್ಕಿನ ಮೇಲೆ ಸೂಕ್ಷ್ಮವಾಗಿ ಕೊರೆಯುವ ಬಗೆ ಅವರ ತಂಡದ ಕೆಲಸವಾಗಿತ್ತು. 1981ರ ನವೆಂಬರಿನಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಅವರು ಪ್ರಯೋಗಾಲಯಕ್ಕೆ ಒಯ್ದು ಅದೇ ಕಿರಣವನ್ನು ಹಾಯಿಸಿದರು. ಅಂಗಾಂಶದಲ್ಲಿ ಅಚ್ಚುಕಟ್ಟಾದ ಗೆರೆ ಬಿತ್ತು, ಪಕ್ಕದ ಜೀವಕೋಶಗಳು ಸುಟ್ಟಿರಲಿಲ್ಲ. ಆ ಅತಿನೇರಳೆ ಕಿರಣ ಅಣುಗಳ ಬಂಧವನ್ನೇ ಕಡಿದು ಪದರವನ್ನು ಹಾರಿಸಿಬಿಡುತ್ತದೆ, ಶಾಖ ಸುತ್ತ ಹರಡುವುದಿಲ್ಲ. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಜೊತೆಗೂಡಿದ ಕೆಲಸ ಕಾರ್ನಿಯಾದ ಮೇಲೂ ಇದು ಸಾಧ್ಯವೆಂದು ತೋರಿಸಿತು. ಆ ದಶಕ ಮುಗಿಯುವ ಹೊತ್ತಿಗೆ ಮನುಷ್ಯರ ಕಣ್ಣಿನ ಮೇಲೆ ಚಿಕಿತ್ಸೆ ಶುರುವಾಯಿತು.

ಕಾರ್ನಿಯಾದ ನಡುಭಾಗವನ್ನು ಚಪ್ಪಟೆ ಮಾಡಿದರೆ ಬಾಗುವಿಕೆ ಕಡಿಮೆಯಾಗುತ್ತದೆ, ಮೈನಸ್ ನಂಬರು ಇಳಿಯುತ್ತದೆ. ಇಷ್ಟೇ ತತ್ತ್ವ. ಲಾಸಿಕ್‌ನಲ್ಲಿ ಮೇಲಿನ ತೆಳು ಪದರವನ್ನು ಮುಚ್ಚಳದಂತೆ ಎತ್ತಿ, ಒಳಗೆ ಎಕ್ಸೈಮರ್ ಕಿರಣ ಹಾಯಿಸಿ, ಮುಚ್ಚಳ ಮರಳಿ ಕೂರಿಸುತ್ತಾರೆ. ಪಿಆರ್‌ಕೆಯಲ್ಲಿ ಮುಚ್ಚಳವಿಲ್ಲ, ಮೇಲ್ಪೊರೆಯನ್ನು ಸರಿಸಿ ನೇರವಾಗಿ ಕಿರಣ ಬಿಡುತ್ತಾರೆ. ಕೆಲವು ದಿನ ನೋವಿರುತ್ತದೆ, ಆದರೆ ಪೆಟ್ಟು ಬಿದ್ದರೆ ಸರಿಯುವ ಮುಚ್ಚಳ ಇಲ್ಲದ್ದರಿಂದ ಕುಸ್ತಿಯಂಥ ಆಟದವರಿಗೆ ಇದೇ ಮೇಲು. ಸ್ಮೈಲ್ ಎಂಬ ಹೊಸ ವಿಧಾನದಲ್ಲಿ ಫೆಮ್ಟೊಸೆಕೆಂಡ್ ಲೇಸರ್ ಕಾರ್ನಿಯಾದೊಳಗೇ ಒಂದು ತೆಳು ಬಿಲ್ಲೆಯನ್ನು ಕತ್ತರಿಸುತ್ತದೆ, ಅದನ್ನು ಸಣ್ಣ ಕಿಂಡಿಯಿಂದ ಹೊರಗೆಳೆಯುತ್ತಾರೆ.

ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದು ಬಹುಮಟ್ಟಿಗೆ ಒಂದು ಕೂಡು-ಕಳೆ ಲೆಕ್ಕ. ಆರು ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ನಂಬರು ಇಳಿಸಲು ಸುಮಾರು 12 ಮೈಕ್ರಾನ್ ಆಳ ತೆಗೆಯಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕಾರ್ನಿಯಾದ ದಪ್ಪ ಸರಾಸರಿ 540 ಮೈಕ್ರಾನ್. ನಾಲ್ಕು ನಂಬರಿನವರಲ್ಲಿ ಮುಚ್ಚಳಕ್ಕೆ 110, ಕಿರಣಕ್ಕೆ 48 ಹೋದರೆ ಅಡಿಯಲ್ಲಿ 382 ಉಳಿಯುತ್ತದೆ. 250ಕ್ಕಿಂತ ಕಡಿಮೆ ಉಳಿಯಬಾರದು, 300 ಇದ್ದರೆ ನಿಶ್ಚಿಂತೆ ಎಂಬುದು ವೈದ್ಯರ ಲೆಕ್ಕ. ಅದೇ 480 ಮೈಕ್ರಾನಿನ ತೆಳು ಕಾರ್ನಿಯಾ, ಒಂಬತ್ತು ನಂಬರು ಎಂದುಕೊಳ್ಳಿ: ಉಳಿಯುವುದು 262, ಕನಿಷ್ಠ ಮಿತಿಗೆ ತೀರ ಹತ್ತಿರ. ಇಲ್ಲಿ ಬೇಡ ಎಂದು ಹೇಳುವ ವೈದ್ಯರೇ ನಿಜವಾದ ಹಿತೈಷಿಗಳು. ತೆಳುವಾದ ಕಾರ್ನಿಯಾ ಒಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬತೊಡಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಆದ್ದರಿಂದಲೇ ಮೊದಲು ಕಾರ್ನಿಯಾದ ನಕ್ಷೆ ತೆಗೆಯುತ್ತಾರೆ. ಅಡಗಿರುವ ಕೆರಟೋಕೋನಸ್ ಆ ನಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಧೂಳು, ಅಲರ್ಜಿಯಿಂದ ಸದಾ ಕಣ್ಣುಜ್ಜುವ ಅಭ್ಯಾಸವಿದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಕೆರಟೋಕೋನಸ್ ಇದ್ದರೆ ಲಾಸಿಕ್ ನಿಷಿದ್ಧ. ಅದು ಬೆಳೆಯದಂತೆ ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಕಿರಣದಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಚಿಕಿತ್ಸೆ ಬೇರೆಯೇ ಇದೆ. ನಂಬರು ಕನಿಷ್ಠ ಒಂದು ವರ್ಷ ಸ್ಥಿರವಾಗಿರಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕಾಯಬೇಕು. ಮೃದು ಲೆನ್ಸ್ ಹಾಕುವವರು ನಕ್ಷೆಗೆ ಮುಂಚೆ ಒಂದೆರಡು ವಾರ ಬಿಡಬೇಕು. ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಕಣ್ಣು ಒಣಗುವುದು ಸಾಮಾನ್ಯ. ವಿಜಯಪುರದ ಏಪ್ರಿಲ್ ಬಿಸಿಲು, ಒಣಗಾಳಿಯಲ್ಲಿ ಅದು ಇನ್ನಷ್ಟು ಕಾಡುತ್ತದೆ. ಪೊಲೀಸ್, ಸೇನೆಯ ಕೆಲಸಕ್ಕೆ ತಯಾರಾಗುವವರು ಆ ಹುದ್ದೆಯ ಅಧಿಸೂಚನೆಯಲ್ಲಿ ಲೇಸರ್ ಬಗ್ಗೆ ಏನಿದೆ ಎಂದು ಮೊದಲು ಓದಬೇಕು.

ಮದುವೆ ನಿಶ್ಚಯವಾದ ಮೇಲೆ ತಿಂಗಳೊಳಗೆ ಮಗಳ ಕನ್ನಡಕ ತೆಗೆಸಿಬಿಡಬೇಕು ಎಂದು ಓಡುವ ತಂದೆ ತಾಯಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಲಾಸಿಕ್ ಒಳ್ಳೆಯ ಚಿಕಿತ್ಸೆ, ತಕ್ಕ ಕಣ್ಣಿಗೆ ಮಾಡಿದರೆ ಸುರಕ್ಷಿತ. ಆದರೆ ಅದನ್ನು ಆ ಹುಡುಗಿ ತನಗಾಗಿ, ತನ್ನ ಬಿಡುವಿನಲ್ಲಿ ನಿರ್ಧರಿಸಬೇಕು. ಲೇಸರ್ ಕಾರ್ನಿಯಾವನ್ನು ತಿದ್ದುತ್ತದೆ, ಉದ್ದವಾದ ಗುಡ್ಡೆ ಹಾಗೆಯೇ ಉಳಿಯುತ್ತದೆ ಎಂಬುದನ್ನೂ ಅವಳಿಗೆ ಹೇಳಬೇಕು. ಉದ್ದ ಗುಡ್ಡೆಯಲ್ಲಿ ರೆಟಿನಾ ಎಳೆದುಕೊಂಡು ತೆಳುವಾಗಿರುತ್ತದೆ, ಹರಿಯುವ ಸಾಧ್ಯತೆ ಹೆಚ್ಚು. ಕನ್ನಡಕ ಹೋದರೂ ರೆಟಿನಾದ ತಪಾಸಣೆ ತಪ್ಪಿಸುವಂತಿಲ್ಲ. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಲವತ್ತಾದಾಗ ಚಾಳೀಸೂ ಬಂದೇ ಬರುತ್ತದೆ. ಲೇಸರ್ ಆಗದಷ್ಟು ಹೆಚ್ಚು ನಂಬರಿನವರಿಗೆ ಪಾಪೆಯ ಹಿಂದೆ, ಸ್ವಂತ ಮಸೂರದ ಮುಂದೆ ಕೂರಿಸುವ ಐಸಿಎಲ್ ಎಂಬ ಲೆನ್ಸ್ ಇದೆ; ಬೇಕೆಂದರೆ ಅದನ್ನು ಹೊರತೆಗೆಯಬಹುದು.

ಪೊರೆ: ಬೀಳಗಿಯಿಂದ ಇಂದಿನವರೆಗೆ

ಮಸೂರವೇ ಮಬ್ಬಾದರೆ ಹೊರಗಿನ ಯಾವ ತಿದ್ದುಪಡಿಯೂ ಸಾಲದು. ಅದೇ ಪೊರೆ. ಈ ಮಾತಿಗೆ ಬಂದಾಗ ನಮ್ಮ ಸೀಮೆಯವರು ಡಾ. ಎಂ. ಸಿ. ಮೋದಿಯವರನ್ನು ನೆನೆಯದೆ ಇರಲಾರರು. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಅವರು ಊರೂರಿಗೆ ಹೋಗಿ ಶಿಬಿರ ಹೂಡಿ, ಬಡವರ ಕಣ್ಣಿನ ಪೊರೆ ತೆಗೆದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ್ದು ದಾಖಲೆಯಾಗಿ ಉಳಿದಿದೆ. ಆ ಕಾಲದಲ್ಲಿ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರೇ ವಿನಾ ಅದರ ಜಾಗಕ್ಕೆ ಹೊಸದನ್ನು ಇಡುತ್ತಿರಲಿಲ್ಲ. ಮಸೂರವಿಲ್ಲದ ಕಣ್ಣಿಗೆ +10ರ ಆಸುಪಾಸಿನ ದಪ್ಪ ಕನ್ನಡಕ ಬೇಕಾಗುತ್ತಿತ್ತು. ಅದರಲ್ಲಿ ಎಲ್ಲವೂ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತಿತ್ತು, ಪಕ್ಕದಿಂದ ಬರುವ ದನ, ಸೈಕಲ್ಲು ಕಾಣದೆ ಒಮ್ಮೆಲೆ ಎದುರು ಪ್ರತ್ಯಕ್ಷವಾಗುತ್ತಿದ್ದವು. ಒಂದೇ ಕಣ್ಣಿಗೆ ಆಗಿದ್ದರೆ ಎರಡು ಗಾತ್ರದ ಎರಡು ಚಿತ್ರ. ಆದರೂ ಕುರುಡಾಗಿ ಗೋಡೆ ಹಿಡಿದು ನಡೆಯುತ್ತಿದ್ದವರಿಗೆ ಅದು ಮರುಹುಟ್ಟೇ ಆಗಿತ್ತು.

ಆ ದಪ್ಪ ಕನ್ನಡಕವನ್ನು ಹೋಗಲಾಡಿಸಿದ್ದು ಯುದ್ಧದಲ್ಲಿ ಹೊಳೆದ ಒಂದು ವಿಚಾರ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರ ಕಣ್ಣಿಗೆ ಕಾಕ್‌ಪಿಟ್ ಹೊದಿಕೆಯ ಅಕ್ರಿಲಿಕ್ ಚೂರುಗಳು ನೆಟ್ಟಿದ್ದವು. ಕಣ್ಣು ಅವನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ಬಗೆಯ ವಸ್ತುವಿನಿಂದ ಮಾಡಿದ ಲೆನ್ಸನ್ನು ರೋಗಿಯ ಕಣ್ಣೊಳಗೆ ಇಟ್ಟರು. ಸಹೋದ್ಯೋಗಿಗಳು ಬಹುಕಾಲ ವಿರೋಧಿಸಿದರು. ಈಗ ಲೆನ್ಸ್ ಇಡದೆ ಪೊರೆ ತೆಗೆಯುವುದು ಅಪರೂಪ. ಮದುರೈನ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಸ್ಥಾಪಿಸಿ ಇಲ್ಲಿಯೇ ಅಗ್ಗದ ಲೆನ್ಸ್ ತಯಾರಿಸತೊಡಗಿದ ಮೇಲೆ ಅದು ಬಡವರ ಕಣ್ಣನ್ನೂ ತಲುಪಿತು.

1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ತಂದ ಫೇಕೊ ವಿಧಾನದಲ್ಲಿ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರುತ್ತಾರೆ. ಮೂರು ಮಿಲಿಮೀಟರಿಗಿಂತ ಸಣ್ಣ ಕಿಂಡಿಯಿಂದ ಮಡಚಿದ ಲೆನ್ಸ್ ಒಳಹೋಗಿ ಬಿಚ್ಚಿಕೊಳ್ಳುತ್ತದೆ. ಬಹಳ ಗಟ್ಟಿಯಾದ ಪೊರೆಗೆ ಸ್ವಲ್ಪ ದೊಡ್ಡ ಕಿಂಡಿಯ, ಹೊಲಿಗೆಯಿಲ್ಲದ ಎಸ್‌ಐಸಿಎಸ್ ವಿಧಾನ ಇದೆ; ಅನುಭವಿಗಳ ಕೈಯಲ್ಲಿ ಅದರ ಫಲಿತಾಂಶ ಫೇಕೊಗೆ ಹತ್ತಿರವೇ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಮಾಡಿದರೆಂದು ಕಡಿಮೆ ದರ್ಜೆಯದೆಂದು ಭಾವಿಸಬೇಕಿಲ್ಲ. ಒಳಗಿಡುವ ಲೆನ್ಸಿನ ನಂಬರನ್ನು ಮುಂಚೆಯೇ ಗುಡ್ಡೆಯ ಉದ್ದ, ಕಾರ್ನಿಯಾದ ಬಾಗು ಅಳೆದು ಲೆಕ್ಕ ಹಾಕುತ್ತಾರೆ. ಉದ್ದದ ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಒಂದಕ್ಕಿಂತ ಹೆಚ್ಚು ನಂಬರು ಉಳಿದುಬಿಡುತ್ತದೆ.

ಒಂದೇ ದೂರಕ್ಕೆ ಹೊಂದಿಸಿದ ಮೊನೊಫೋಕಲ್ ಲೆನ್ಸ್ ಹಾಕಿಸಿಕೊಂಡವರು ಓದಲು ಕನ್ನಡಕ ಬಳಸಬೇಕು. ಮಲ್ಟಿಫೋಕಲ್ ಲೆನ್ಸ್ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ, ಆ ಹಂಚಿಕೆಯಿಂದ ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ಸೊಲ್ಲಾಪುರ–ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವವರಿಗೆ ಅಗ್ಗದ ಮೊನೊಫೋಕಲ್ಲೇ ಹೆಚ್ಚು ಸೂಕ್ತ. ಇನ್ನು ‘ಪೊರೆ ಬಲಿಯಲಿ, ಆಮೇಲೆ ತೆಗೆಸೋಣ’ ಎಂಬ ಮಾತು ಹಳೆಯ ಶಸ್ತ್ರಚಿಕಿತ್ಸೆಯ ಕಾಲಕ್ಕೆ ಸರಿಯಿತ್ತು. ಈಗ ಬಲಿತಷ್ಟೂ ತೆಗೆಯುವುದು ಕಷ್ಟ. ತೀರ ಬಲಿತದ್ದು ಒಳಗೇ ಸೋರಿ ಕಣ್ಣಿನ ಒತ್ತಡ ಏರಿಸಿ ನೋಟವನ್ನೇ ಕಳೆಯಬಹುದು. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದಾಗಲೇ ತೆಗೆಸಬೇಕು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಎಲ್ಲಕ್ಕಿಂತ ಅವಸರದ್ದು ಮಕ್ಕಳ ವಿಷಯ. ದೊಡ್ಡವರ ನಂಬರು ಆರು ತಿಂಗಳು ತಡವಾಗಿ ತಿಳಿದರೂ ಕನ್ನಡಕ ಹಾಕಿದ ದಿನ ಕಾಣುತ್ತದೆ. ಮಗುವಿನಲ್ಲಿ ಹಾಗಲ್ಲ. ಒಂದು ಕಣ್ಣಿಗೆ ಮಾತ್ರ ಹೆಚ್ಚು ನಂಬರಿದ್ದರೆ ಮಿದುಳು ಆ ಕಣ್ಣಿನ ಮಬ್ಬು ಚಿತ್ರವನ್ನು ಕಡೆಗಣಿಸಿ, ನೋಡುವುದನ್ನು ಕಲಿಯುವುದೇ ಇಲ್ಲ. ಮಗು ಒಳ್ಳೆಯ ಕಣ್ಣಿನಿಂದ ಓಡಾಡಿಕೊಂಡಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಏಳೆಂಟು ವರ್ಷದೊಳಗೆ ಹಿಡಿದರೆ ಚೆನ್ನಾಗಿ ಗುಣವಾಗುತ್ತದೆ, ತಡವಾದಷ್ಟೂ ಕಷ್ಟ. ಸಮೀಪದೃಷ್ಟಿ ಬೇಗ ಬೇಗ ಏರುವ ಮಕ್ಕಳಿಗೆ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ಗುಡ್ಡೆಯ ಬೆಳವಣಿಗೆಯನ್ನು ನಿಧಾನಗೊಳಿಸುವ ವಿಶೇಷ ಕನ್ನಡಕದ ಲೆನ್ಸುಗಳು ಬಂದಿವೆ. ಹಗಲು ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆ ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವುದೇ ಕಡಿಮೆ, ಅದಕ್ಕೆ ದುಡ್ಡೂ ಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತದೆ, ದೂರದ ಬಸ್ಸಿನ ಫಲಕ ಓದಿಸಿ. ಆಮೇಲೆ ಇನ್ನೊಂದನ್ನು ಮುಚ್ಚಿ ಬೇರೆ ಬಸ್ಸಿನದು. ಓದಲು ಬಾರದ ಮಗುವಾದರೆ ಯಾವ ಕಣ್ಣನ್ನು ಮುಚ್ಚಿದಾಗ ಕೈ ತಳ್ಳಿ ಅಳುತ್ತದೆ ಎಂದು ನೋಡಿ. ಅಳು ಬಂದದ್ದು ಒಳ್ಳೆಯ ಕಣ್ಣನ್ನು ಮುಚ್ಚಿದ್ದಕ್ಕೆ. ವ್ಯತ್ಯಾಸ ಕಂಡರೆ ಪರೀಕ್ಷೆಗೆ ಕರೆದೊಯ್ಯಿರಿ. ಮೊದಲು ಕನ್ನಡಕ ಕೊಡುತ್ತಾರೆ, ಅದಷ್ಟರಿಂದಲೇ ಕೆಲವು ಮಕ್ಕಳಿಗೆ ಸರಿಹೋಗುತ್ತದೆ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಮಂದ ಕಣ್ಣಿನಿಂದ ನೋಡಿಸುತ್ತಾರೆ. ಮಧ್ಯಮ ಪ್ರಮಾಣದ ದೋಷಕ್ಕೆ ದಿನಕ್ಕೆ ಎರಡು ಗಂಟೆ ಸಾಮಾನ್ಯವಾಗಿ ಸಾಕಾಗುತ್ತದೆ. ಆ ಎರಡು ಗಂಟೆ ಮಗುವಿನ ಜೊತೆ ಕುಳಿತು ಚಿತ್ರ ಬಿಡಿಸಲು, ಮಣಿ ಪೋಣಿಸಲು ದೊಡ್ಡವರೊಬ್ಬರು ಬೇಕು.